ಕಿಂದರಿ ಅಂದ್ರೆ ಎಂಥ?

ಹೋದ ಮಳೆಗಾಲದಲ್ಲಿ ನಾಲ್ಕು ದಿನ ತೀರ್ಥಹಳ್ಳಿ ಕಡೆಯ ಅಕ್ಕನ ಮನೆಯಲ್ಲಿದ್ದೆ. ಶಾಲೆಗೆ ಮಳೆ ರಜೆ. ಕರೆಂಟು ಹೋಗಿ ಎರಡು ದಿನವಾಗಿತ್ತು. ಏಳನೇ ಕ್ಲಾಸಿನ ಅಕ್ಕನ ಮಗಳು ಜಗಲಿಯಲ್ಲಿ ಬೆಳಕಿದ್ದ ಕಡೆ ಗೋಡೆಗೆ ಒರಗಿ, ಒಂದು ಕೈಯಲ್ಲಿ ಹಲಸಿನ ಹಪ್ಪಳ, ಇನ್ನೊಂದು ಕೈಯಲ್ಲಿ ಹ್ಯಾರಿ ಪಾಟರ್‌ನ ದಪ್ಪ ಪುಸ್ತಕ ಹಿಡಿದು ಕೂತಿದ್ದಳು. ಒಳಗಿಂದ ಅಕ್ಕ ಕೂಗಿದಳು: ‘ಎಂಥ ಅದು ಮೂರು ಹೊತ್ತೂ! ಪಾಠದ ಪುಸ್ತಕಕ್ಕೆ ಮುಳ್ಳಿದ್ಯಾ?’ ಹುಡುಗಿ ಉತ್ತರ ಕೊಡಲಿಲ್ಲ, ಪುಟ ತಿರುವಿದಳು.

ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ ನನ್ನನ್ನು ಕೇಳಿದಳು: ‘ಮಾವ, ಕಿಂದರಿ ಅಂದ್ರೆ ಎಂಥ?’

ಶಾಲೆಯಲ್ಲಿ ‘ಕಿಂದರಿಜೋಗಿ’ ಆಡಿಸುತ್ತಾರಂತೆ. ಇವಳದು ಇಲಿಯ ಪಾತ್ರ. ‘ಎಂಥದರ ಹಿಂದೆ ಹೋಗ್ತಾ ಇದೀನಿ ಅಂತ ಇಲಿಗೆ ಗೊತ್ತಾಗ್ಬೇಕಲ್ಲ?’ ಅಂದಳು. ನ್ಯಾಯವಾದ ಮಾತು. ನಾನು ಹಿಂದೆಮುಂದೆ ನೋಡದೆ ‘ಕೊಳಲಿನ ಥರದ್ದು’ ಅಂದುಬಿಟ್ಟೆ.

ಅಂದದ್ದು ತಪ್ಪು. ರಾತ್ರಿ ಮಲಗಿದ ಮೇಲೆ ಆ ತಪ್ಪು ಕಚ್ಚತೊಡಗಿತು. ಕಿಂದರಿ ಊದುವ ವಾದ್ಯವೇ ಅಲ್ಲ, ತಂತಿ ವಾದ್ಯ. ಬಿದಿರಿನ ದಂಡಿಗೆ ಸೋರೆಬುರುಡೆಗಳನ್ನು ಕಟ್ಟಿ, ಮೇಲೆ ಮೆಟ್ಟಿಲುಗಳನ್ನು ಕೂರಿಸಿ, ತಂತಿ ಬಿಗಿದು ಮೀಟುವಂಥದ್ದು. ಅದರ ಶಿಷ್ಟ ಹೆಸರು ಕಿನ್ನರಿ. ಹದಿಮೂರನೇ ಶತಮಾನದ ಶಾರ್ಙ್ಗದೇವ ತನ್ನ ‘ಸಂಗೀತ ರತ್ನಾಕರ’ದಲ್ಲಿ ಅದರ ಅಳತೆ, ಬಗೆಗಳನ್ನು ಬರೆದಿಟ್ಟಿದ್ದಾನೆ. ಅದಕ್ಕೂ ಹಿಂದೆ, ಬಸವಣ್ಣನ ಕಾಲದ ಕಲ್ಯಾಣದಲ್ಲಿ ಕಿನ್ನರಿ ಬೊಮ್ಮಯ್ಯ ಎಂಬ ವಚನಕಾರನಿದ್ದ. ಕಿನ್ನರಿ ನುಡಿಸುತ್ತಿದ್ದುದರಿಂದಲೇ ಆ ಹೆಸರು ಬಂತೆಂದು ಹೇಳುವುದು ವಾಡಿಕೆ. ಆಮೇಲೆ ಅದು ಜೋಗಿಗಳ ಹೆಗಲೇರಿ ಮನೆಮನೆಯ ಬಾಗಿಲಿಗೆ ಬಂತು. ಅರ್ಜುನ ಜೋಗಿಯ ಹಾಡು ಹೇಳುವ ಕಿನ್ನರಿ ಜೋಗಿಗಳು ಅದಕ್ಕೆ ನವಿಲುಗರಿ ಸಿಕ್ಕಿಸಿ ಸಿಂಗರಿಸಿದರು. ನಮ್ಮಲ್ಲಿ ಈಗ ಅದನ್ನು ಕಣ್ಣಾರೆ ಕಂಡವರು ಕಡಿಮೆ. ಪಕ್ಕದ ತೆಲಂಗಾಣದಲ್ಲಿ ‘ಕಿನ್ನೆರ’ವಾಗಿ ಇನ್ನೂ ಉಸಿರಾಡುತ್ತಿದೆ, ಹನ್ನೆರಡು ಮೆಟ್ಟಿಲಿನ ಕಿನ್ನೆರ ನುಡಿಸುವ ಮೊಗಿಲಯ್ಯನವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಕಿನ್ನರಿ ಕಿಂದರಿಯಾದದ್ದು ಬಾಯಿಯ ಕೆಲಸ. ‘ನ’ ಮತ್ತು ‘ರ’ ಹತ್ತಿರ ಬಂದಾಗ ನಡುವೆ ಒಂದು ‘ದ’ ತಾನಾಗಿ ನುಸುಳುತ್ತದೆ. ಸಂಸ್ಕೃತದ ವಾನರ ಹಿಂದಿಯಲ್ಲಿ ಬಂದರ್ ಆದದ್ದೂ ಹೀಗೆಯೇ. ವಾನರಕ್ಕೂ ಕಿನ್ನರಿಗೂ ಇನ್ನೊಂದು ನೆಂಟಸ್ತಿಕೆಯೂ ಇದೆ. ‘ವಾ ನರಃ’ ಅಂದರೆ ‘ಇವನೂ ನರನೋ?’ ಎಂದು ವಾನರವನ್ನು ಬಿಡಿಸುವ ಪಂಡಿತರು, ಕಿನ್ನರಿಯ ಒಳಗಿರುವ ಕಿನ್ನರವನ್ನು ‘ಕಿಂ ನರಃ’ ಎಂದು ಬಿಡಿಸುತ್ತಾರೆ. ‘ಇವನೆಂಥ ನರ?’ ಎಂದು ಅದರ ಅರ್ಥ. ಹೆಸರಿನ ಹೊಟ್ಟೆಯೊಳಗೇ ಒಂದು ಪ್ರಶ್ನೆ. ಮಲೆನಾಡಿನವನಾದ ನನಗೆ ಇದು ಬಹಳ ಹಿಡಿಸಿತು. ‘ಎಂಥದು ಮಾರಾಯ’ ಅನ್ನದೆ ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಯಾವ ಮಾತು ಶುರುವಾಗುತ್ತದೆ?

ಮಾರನೇ ದಿನ ತಪ್ಪು ಒಪ್ಪಿಕೊಂಡು ಹುಡುಗಿಗೆ ಇದನ್ನೆಲ್ಲ ಹೇಳಿದೆ. ವಾದ್ಯ ಅವಳಿಗೆ ಅಷ್ಟೇನೂ ರುಚಿಸಲಿಲ್ಲ. ‘ಕಿನ್ನರ ಹೇಗಿರ್ತಾನೆ?’ ಅಂತ ಹಿಡಿದಳು. ಅಮರಕೋಶದಲ್ಲಿ ಅವನ ಇನ್ನೊಂದು ಹೆಸರು ತುರಂಗವದನ, ಅಂದರೆ ಕುದುರೆಮುಖದವನು. ಮನುಷ್ಯನ ದೇಹ, ಕುದುರೆಯ ಮುಖ. ಕೆಲವು ಕಡೆ ಇದು ತಿರುವುಮುರುವಾಗಿ ಕುದುರೆಯ ದೇಹಕ್ಕೆ ಮನುಷ್ಯನ ಮುಖ ಬರುವುದೂ ಉಂಟು. ಹುಡುಗಿ ಪುಸ್ತಕ ಬಡಿದು ಎದ್ದು ಕೂತಳು. ‘ಸೆಂಟಾರ್! ಫೈರೆಂಜ್ ಥರ!’ ಹ್ಯಾರಿ ಪಾಟರ್‌ನ ಕಾಡಿನಲ್ಲಿ ನಕ್ಷತ್ರ ನೋಡಿ ಭವಿಷ್ಯ ಹೇಳುವ ಅರೆಕುದುರೆಗಳ ಹಿಂಡೊಂದಿದೆ. ಅವರಲ್ಲೊಬ್ಬನ ಹೆಸರು ಅದು. ಕಾಳಿದಾಸನ ಹಿಮಾಲಯದಲ್ಲಿ ಹಿಮದ ದಾರಿ ನಡೆಯುವ ಅಶ್ವಮುಖಿಯರಿದ್ದಾರೆ ಅಂದೆ. ‘ನಮ್ಮ ಕುದುರೆಮುಖ ಬೆಟ್ಟದಲ್ಲಿ?’ ಅಂದಳು. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ಈ ಕಿನ್ನರ ಬಹಳ ಊರು ಸುತ್ತಿದವನು. ಅಮರಕೋಶ ಅವನನ್ನು ಗಂಧರ್ವ, ಯಕ್ಷ, ಅಪ್ಸರೆಯರ ಜೊತೆ ದೇವಯೋನಿಗಳ ಸಾಲಿನಲ್ಲಿ ಕೂರಿಸಿತು. ಥಾಯ್ಲೆಂಡಿಗೆ ಹೋದಾಗ ಕುದುರೆಮುಖ ಬಿಟ್ಟು ಹಕ್ಕಿಯ ಕಾಲು ರೆಕ್ಕೆ ತೊಟ್ಟುಕೊಂಡ. ಜೈನರ ತತ್ತ್ವಾರ್ಥ ಸೂತ್ರ ವ್ಯಂತರ ದೇವತೆಗಳನ್ನು ಎಂಟು ಬಗೆಯಾಗಿ ಹೇಳುವಾಗ ಕಿನ್ನರನನ್ನೇ ಮೊದಲು ಹೆಸರಿಸುತ್ತದೆ. ಯಕ್ಷ, ರಾಕ್ಷಸ, ಭೂತ, ಪಿಶಾಚಗಳೆಲ್ಲ ಅವನ ಹಿಂದೆ. ಆ ಲೆಕ್ಕಾಚಾರ ನಮಗೆ ದೂರದ್ದಲ್ಲ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ, ಸಾಂತರರ ಕಾಲದಲ್ಲಿ ಚಟ್ಟಲದೇವಿ ಕಟ್ಟಿಸಿದ 1077ರ ಪಂಚಕೂಟ ಬಸದಿ ಇದೆ, ಪದ್ಮಾವತಿ ಯಕ್ಷಿ ಇದ್ದಾಳೆ. ಯಕ್ಷಿಗೆ ಅಲ್ಲಿ ಪೂಜೆ. ಅದೇ ಯಕ್ಷಿಯ ಇನ್ನೊಂದು ರೂಪವಾದ ‘ಯಕ್ಷಿಣಿ’ ಕನ್ನಡದಲ್ಲಿ ಜಾದೂ ಆಯಿತು. ಕಿನ್ನರನಿಗೆ ಗುಡಿ ಸಿಗಲಿಲ್ಲ, ಕಥೆ ಸಿಕ್ಕಿತು. ಇಂಗ್ಲಿಷಿನ ಫೇರಿ ಟೇಲ್ ನಮ್ಮಲ್ಲಿಗೆ ಬಂದಾಗ ಅನುವಾದಕರು ಅದಕ್ಕೆ ‘ಕಿನ್ನರ ಕಥೆ’ ಎಂದು ಹೆಸರಿಟ್ಟರು. ಒಳ್ಳೆಯ ಹಾಡುಗಾರನಿಗೆ ‘ಕಿನ್ನರಕಂಠ’ ಎಂಬ ಬಿರುದಾಯಿತು. ಹಿಂದಿಯವರು ಇದೇ ಪದವನ್ನು ಲಿಂಗತ್ವ ಅಲ್ಪಸಂಖ್ಯಾತರಿಗೆ ಬಳಸುತ್ತಾರೆ. ಅಲ್ಲಿ ಅದು ಬೈಗುಳದ ಜಾಗದಲ್ಲಿ ಬಂದು ಕೂತ ಗೌರವದ ಮಾತು. ಆದರೂ ಒಳಗಿನ ಪ್ರಶ್ನೆ ಕೇಳುವವರ ದನಿಗೆ ತಕ್ಕಂತೆ ಅಲ್ಲಿಯೂ ಚುಚ್ಚಬಹುದು.

ಈ ‘ದನಿ’ ಎಂಬುದೇ ನನಗೆ ಮುಖ್ಯವಾಗಿ ಕಂಡದ್ದು. ಪಾಣಿನಿಯ ಒಂದು ಸೂತ್ರ ‘ಕಿಂ ಕ್ಷೇಪೇ’ ಅನ್ನುತ್ತದೆ. ಸಮಾಸದ ಮೊದಲಲ್ಲಿ ಬರುವ ‘ಕಿಂ’ಗೆ ನಿಂದೆಯ ಅರ್ಥವಿದೆ ಎಂದು ತಾತ್ಪರ್ಯ. ಪ್ರಜೆಗಳನ್ನು ಕಾಯದ ರಾಜ ‘ಕಿಂರಾಜ’. ಅವನೂ ಒಬ್ಬ ರಾಜನೇ ಅನ್ನುವ ಹಾಗೆ. ಈ ಲೆಕ್ಕದಲ್ಲಿ ಕಿನ್ನರ ಅಂದರೆ ‘ಎಂಥದೋ ಒಬ್ಬ ನರ’. ಬೆರಗಿನಿಂದ ಕೇಳಿದರೆ ‘ಇವನೆಂಥ ನರ?’ ಆಗುವ ಹೆಸರೇ ತಾತ್ಸಾರದಿಂದ ಅಂದರೆ ‘ಇವನೆಂಥ ನರ!’ ಆಗಿಬಿಡುತ್ತದೆ. ಅಕ್ಷರ ಒಂದೂ ಬದಲಾಗುವುದಿಲ್ಲ.

ನಮ್ಮ ‘ಎಂಥ’ಕ್ಕೂ ಇವೇ ಎರಡು ಮುಖ. ‘ಎಂಥ ಅದು?’ ಅಂದರೆ ತಿಳಿಯುವ ಆಸೆ. ‘ಎಂಥ ಅದು!’ ಅಂದರೆ ಮುಗಿಸು, ಎದ್ದೇಳು. ಆ ದಿನ ಅಕ್ಕ ಒಳಗಿಂದ ಕೂಗಿದ್ದು ಎರಡನೆಯದು. ಮಾಟ ಮಂತ್ರದ ಕಥೆ ಓದುವ ಮಕ್ಕಳು ಎಲ್ಲ ಕಾಲದಲ್ಲೂ ಎರಡನೆಯದನ್ನೇ ಕೇಳಿಸಿಕೊಂಡು ಬೆಳೆದಿದ್ದಾರೆ. ಕನ್ನಡ ‘ಚಂದಮಾಮ’ 1949ರಿಂದ ಬಂತು. ಅದರ ಬೇತಾಳನ ಪುಟಗಳನ್ನು ಗಣಿತದ ಪುಸ್ತಕದೊಳಗೆ ಇಟ್ಟು ಓದಿದವರು ನನ್ನ ವಯಸ್ಸಿನವರಲ್ಲಿ ಬೇಕಷ್ಟು ಜನ. ಅಕ್ಕನೂ ಅವರಲ್ಲೊಬ್ಬಳು, ಸಾಕ್ಷಿ ನಾನೇ.

ಈ ಎರಡು ‘ಎಂಥ’ಗಳಲ್ಲಿ ಮೊದಲನೆಯದನ್ನು ಕೈಬಿಡದ ಹುಡುಗನೊಬ್ಬ ಇದೇ ತೀರ್ಥಹಳ್ಳಿ ಸೀಮೆಯ ಕುಪ್ಪಳಿಯಲ್ಲಿ ಬೆಳೆದ. ಕುವೆಂಪು ಮೈಸೂರಿಗೆ ಹೋಗಿ, ಇಂಗ್ಲಿಷ್ ಓದಿ, ಇಂಗ್ಲಿಷಿನಲ್ಲೇ ಬರೆದು, 1922ರಲ್ಲಿ ಇಂಗ್ಲಿಷ್ ಕವಿತೆಗಳ ಪುಸ್ತಕವನ್ನೇ ಅಚ್ಚು ಹಾಕಿಸಿದವರು. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ‘ಪೈಡ್ ಪೈಪರ್ ಆಫ್ ಹ್ಯಾಮೆಲಿನ್’, ಅಂದರೆ ಪೈಪು ಊದಿ ಮೊದಲು ಇಲಿಗಳನ್ನು, ಆಮೇಲೆ ಮಕ್ಕಳನ್ನು ತನ್ನ ಹಿಂದೆ ಕರೆದೊಯ್ಯುವವನ ಕಥೆ, ಅವರ ಕೈಯಲ್ಲಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಆಯಿತು. ಜರ್ಮನಿಯ ಹ್ಯಾಮೆಲಿನ್ ಪಟ್ಟಣ ತುಂಗೆಯ ದಡದ ಹಳ್ಳಿಯಾಯಿತು. ಮೇಯರ್ ಊರಗೌಡನಾದ. ಇವೆಲ್ಲ ಯಾವ ಅನುವಾದಕನಿಗೂ ಹೊಳೆಯುವಂಥವು. ಕುವೆಂಪು ಅವರ ಗಟ್ಟಿಗತನ ಇರುವುದು ಪೈಪನ್ನು ಕಿಂದರಿ ಮಾಡಿದ್ದರಲ್ಲಿ.

ಪೈಪಿಗೆ ಕೊಳಲು ಎಂಬ ಪದ ಕೈಗೆ ಸಿಕ್ಕುವಷ್ಟು ಹತ್ತಿರದಲ್ಲಿತ್ತು. ಆದರೆ ಕೊಳಲು ಅಂದಕೂಡಲೇ ಕೃಷ್ಣ ಬರುತ್ತಾನೆ, ಹಸು ಬರುತ್ತವೆ, ಭಕ್ತಿ ಬರುತ್ತದೆ. ಕೊಳಲಿನ ಹಿಂದೆ ಮಕ್ಕಳು ಹೋದರೆ ಯಾವ ತಾಯಿಗೆ ಭಯ? ಜೋಗಿ ಹಾಗಲ್ಲ. ಅವನು ಎಲ್ಲಿಂದಲೋ ಬರುತ್ತಾನೆ, ಎಲ್ಲಿಗೋ ಹೋಗುತ್ತಾನೆ. ಹೆಗಲಲ್ಲಿ ಜೋಳಿಗೆ. ಹಟ ಮಾಡುವ ಮಕ್ಕಳಿಗೆ ‘ಜೋಗಿ ಬಂದ, ಹಿಡ್ಕೊಂಡು ಹೋಗ್ತಾನೆ’ ಅನ್ನುವುದು ನಮ್ಮ ಮನೆಗಳ ಹಳೆಯ ಬೆದರಿಕೆ. ಮಕ್ಕಳಿಗೆ ಅವನೆಂದರೆ ಭಯ, ಅವನ ಹಾಡು ಕೇಳಲು ಬಾಗಿಲ ಸಂದಿಯಲ್ಲಿ ನಿಲ್ಲುವಷ್ಟು ಆಸೆ. ಈ ಭಯ ಮತ್ತು ಆಸೆ ಎರಡೂ ಕಿಂದರಿ ಎಂಬ ಒಂದು ಪದದಲ್ಲಿ ಆಗಲೇ ತುಂಬಿದ್ದವು. ಕುವೆಂಪು ಅದನ್ನು ಎತ್ತಿಕೊಂಡರು ಅಷ್ಟೆ. ಹೊರಗಿನ ಅದ್ಭುತ ನಮ್ಮೂರಿಗೆ ಬಂದು ನಮ್ಮದಾಗುವುದು ಹೀಗೆ. ಅದಕ್ಕೆ ಇಲ್ಲಿ ಮೊದಲೇ ಇರುವ ಒಂದು ಭಯ, ಒಂದು ಬೆರಗು ಸಿಗಬೇಕು. ಹಾಗಾಗಿ ಇಂಗ್ಲಿಷ್ ಮಾಂತ್ರಿಕನ ಕಥೆ ಓದುವ ಮಗು ಕನ್ನಡದಿಂದ ದೂರ ಹೋಯಿತೆಂದು ಗೋಳಾಡುವವರ ಜೊತೆ ನಾನು ಸೇರಲಾರೆ. ದೂರ ಹೋದವರೇ ತಾನೆ ಕಿಂದರಿಜೋಗಿಯನ್ನು ಕರೆದುತಂದದ್ದು?

ಪದದ ಕಥೆ ತೀರ್ಥಹಳ್ಳಿಯಲ್ಲಿ ನಿಲ್ಲುವುದಿಲ್ಲ. ಸಾಗರ ತಾಲ್ಲೂಕಿನ ತುಮರಿಗೆ ಹೋಗಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿದ ಮೇಲೆ ಆ ಸೀಮೆಯವರಿಗೆ ಸಾಗರ ಪೇಟೆ ಕಣ್ಣಿಗೆ ಹತ್ತಿರ, ಕಾಲಿಗೆ ದೂರವಾಯಿತು. ದಶಕಗಳ ಕಾಲ ಹೊಳೆಬಾಗಿಲಿನ ಲಾಂಚೇ ಗತಿ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ. ಲಾಂಚಿಗೆ ಕಾಯುತ್ತಿದ್ದ ಅಂಥ ಊರಲ್ಲಿ, ಹೆಗ್ಗೋಡಿನ ನೀನಾಸಂ ಗರಡಿಯ ಕೆ.ಜಿ. ಕೃಷ್ಣಮೂರ್ತಿಯವರು ಒಂದು ನಾಟಕ ತಂಡ ಕಟ್ಟಿದರು. ಮಕ್ಕಳಿಗಾಗಿ ನಾಟಕ ಮಾಡಿ, ಗಂಟುಮೂಟೆ ಹೊತ್ತು ಊರೂರಿನ ಶಾಲೆಗಳಿಗೆ ಹೋದ ತಂಡ ಅದು. ಅದಕ್ಕೆ ಅವರಿಟ್ಟ ಹೆಸರು ‘ಕಿನ್ನರಮೇಳ’.

ಯಕ್ಷಗಾನದ ನಾಡಲ್ಲಿ ‘ಮೇಳ’ ಎಂಬುದು ದೊಡ್ಡವರ ಪದ. ಅದರ ಜೊತೆ ಕಿನ್ನರ ಬಂದು ಕೂತಕೂಡಲೇ ಅದು ಗಾತ್ರ ಕುಗ್ಗಿಸಿಕೊಂಡು ಮಕ್ಕಳ ಪಾಲಿಗೆ ಬಂತು. ಕುದುರೆಮುಖ ಇಲ್ಲ, ರೆಕ್ಕೆ ಇಲ್ಲ. ಬಣ್ಣ ಹಚ್ಚಿಕೊಂಡ ಮನುಷ್ಯರನ್ನು ಕಂಡು ಮಕ್ಕಳು ‘ಇವನೆಂಥ ನರ?’ ಅಂದುಕೊಂಡರೆ ಸಾಕು, ಹೆಸರು ಸಾರ್ಥಕ.

ಹೊರಡುವ ದಿನ ಹುಡುಗಿಯ ಇಲಿ ಬಾಲ ಸಿದ್ಧವಾಗಿತ್ತು. ಹಳೆ ಗೋಣಿಯ ಹುರಿ ಹೊಸೆದು ಮಾಡಿದ್ದು ಅಕ್ಕನೇ. ಶಾಲೆಯಲ್ಲಿ ಜೋಗಿಯ ಪಾತ್ರದವನಿಗೆ ಕೊಳಲು ಕೊಟ್ಟಿದ್ದಾರಂತೆ. ‘ಅದು ಕಿಂದರಿ ಅಲ್ಲ ಅಂತ ಹೇಳಿದೆ ಮಾವ. ಸೋರೆಬುರುಡೆ ತಂದ್ರೆ ಮಾಡೋಣ ಅಂದ್ರು ಟೀಚರ್’ ಅಂದಳು. ಅಷ್ಟರಲ್ಲಿ ಅಕ್ಕ ಕಾಫಿ ಲೋಟ ಹಿಡಿದು ಬಂದು ಮಗಳ ಪಕ್ಕ ಕೂತು, ತೆರೆದಿಟ್ಟ ಪುಸ್ತಕದತ್ತ ಗಲ್ಲ ತೋರಿಸಿ, ‘ಎಂಥ ಅದು?’ ಅಂದಳು. ಈ ಸಲ ದನಿ ಬೇರೆ ಇತ್ತು. ಹುಡುಗಿ ಹೇಳಲು ಶುರು ಮಾಡಿದಳು. ನನ್ನ ಬಸ್ಸಿನ ಹೊತ್ತಾದರೂ ಮುಗಿದಿರಲಿಲ್ಲ.

ನಿಮ್ಮ ಮನೆಯಲ್ಲೂ ಒಂದು ಮಗು ಹೀಗೆ ದಪ್ಪ ಪುಸ್ತಕ ಹಿಡಿದು ಮೂಲೆ ಸೇರಿರಬಹುದು. ‘ಎಂಥ’ ಅಂತ ಖಂಡಿತ ಕೇಳಿ. ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ಕೂತಿರಿ.