ಯು-559: ಒಂದು ಜಲಾಂತರ್ಗಾಮಿಯ ಸೇವೆ ಮತ್ತು ಅವಸಾನ

ಒಂದು ಜಲಾಂತರ್ಗಾಮಿಯ ಮಹತ್ವವನ್ನು ಅದು ಮುಳುಗಿಸಿದ ಹಡಗುಗಳ ಟನ್ ಲೆಕ್ಕದಿಂದ ಅಳೆಯುವುದು ನೌಕಾಯುದ್ಧದ ಇತಿಹಾಸಕಾರರಲ್ಲಿ ವಾಡಿಕೆ. ಜರ್ಮನಿಯ ಯು-559 ಈ ಅಳತೆಗೆ ಒಳಪಡುವುದಿಲ್ಲ. ಎರಡನೆಯ ಮಹಾಯುದ್ಧದ ಗತಿಯ ಮೇಲೆ ಅದರ ಸೇವೆಗಿಂತ ಅದರ ಅಳಿವೇ ಹೆಚ್ಚಿನ ಪರಿಣಾಮವನ್ನು ಬೀರಿತೆಂಬುದನ್ನು ನಾವಿಲ್ಲಿ ವಿವೇಚಿಸುತ್ತೇವೆ.

ಹ್ಯಾಂಬರ್ಗಿನಲ್ಲಿ ನಿರ್ಮಿತವಾದ ಈ ನೌಕೆಯ ಉದ್ದ ಸುಮಾರು 67 ಮೀಟರು. 1941ರ ಫೆಬ್ರುವರಿ 27ರಂದು ಹಾನ್ಸ್ ಹೈಟ್‌ಮನ್ನನ ನಾಯಕತ್ವದಲ್ಲಿ ಇದು ಸೇವೆಗೆ ಸೇರಿತು. ಆಗ ಉತ್ತರ ಆಫ್ರಿಕದ ರೊಮೆಲನ ಸೈನ್ಯಕ್ಕೆ ಹೋಗುತ್ತಿದ್ದ ಸಾಮಗ್ರಿಗಳನ್ನು ಬ್ರಿಟಿಷರು ಕಡಲಿನಲ್ಲಿಯೇ ತಡೆಯುತ್ತಿದ್ದರು. ಆದುದರಿಂದ ಆ ವರ್ಷದ ಶರತ್ಕಾಲದಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಕಳುಹಿಸಲಾದ ಮೊದಲ ತಂಡದಲ್ಲಿ ಯು-559 ಸಹ ಇದ್ದಿತು. ಜಿಬ್ರಾಲ್ಟರ್ ಜಲಸಂಧಿಯ ಮೇಲ್ಪದರದ ಪ್ರವಾಹವು ಪೂರ್ವಾಭಿಮುಖವಾದುದು. ಒಳಹೋಗುವುದು ಸುಲಭ, ಹೊರಬರುವುದು ದುಸ್ಸಾಧ್ಯ.

ನವೆಂಬರ್ 27ರಂದು ಟೊಬ್ರುಕ್ ಬಳಿ ಅದು ಆಸ್ಟ್ರೇಲಿಯದ ಪ್ಯಾರಮಟ್ಟ ಎಂಬ ಯುದ್ಧನೌಕೆಯನ್ನು ಮುಳುಗಿಸಿತು. 138 ಮಂದಿ ಮಡಿದರು. ಡಿಸೆಂಬರ್ 23ರಂದು ಶುಂಟಿಯನ್ ಎಂಬ ಹಡಗು ಅದಕ್ಕೆ ಬಲಿಯಾಯಿತು. ಆ ಹಡಗಿನಲ್ಲಿದ್ದವರು ಬಹುಮಟ್ಟಿಗೆ ಜರ್ಮನ್ ಮತ್ತು ಇಟಾಲಿಯನ್ ಯುದ್ಧಕೈದಿಗಳು. ತನ್ನವರನ್ನೇ ಕೊಂದೆನೆಂಬುದನ್ನು ದಾಳಿಯ ಹೊತ್ತಿನಲ್ಲಿ ಆ ನೌಕೆ ಅರಿಯುವಂತಿರಲಿಲ್ಲ.

1942ರ ಅಕ್ಟೋಬರ್ 30ರಂದು ನೈಲ್ ನದಿಯ ಮುಖಜಭೂಮಿಯ ಉತ್ತರಕ್ಕೆ ಬ್ರಿಟಿಷ್ ವಿಮಾನವೊಂದು ಅದನ್ನು ಕಂಡಿತು. ಐದು ವಿಧ್ವಂಸಕ ನೌಕೆಗಳು ಗಂಟೆಗಟ್ಟಲೆ ನೀರೊಳಗೆ ಸಿಡಿಗುಂಡುಗಳನ್ನು ಹಾಕಿದುವು. ರಾತ್ರಿ ಅದು ಮೇಲೆದ್ದಿತು. ನಾವಿಕರು ಅದನ್ನು ತೊರೆದರು. ಪೆಟಾರ್ಡ್ ನೌಕೆಯ ಆಂಟನಿ ಫ್ಯಾಸನ್, ಕಾಲಿನ್ ಗ್ರೇಜಿಯರ್ ಮತ್ತು ಉಪಾಹಾರ ಶಾಲೆಯ ಸಹಾಯಕನಾಗಿದ್ದ ಹದಿನಾರರ ಬಾಲಕ ಟಾಮಿ ಬ್ರೌನ್ ಮುಳುಗುತ್ತಿದ್ದ ಆ ನೌಕೆಯನ್ನೇರಿದರು. ಮೊದಲಿಬ್ಬರು ಒಳಗಿನಿಂದ ಸಂಕೇತ ಗ್ರಂಥಗಳನ್ನು ಎತ್ತಿಕೊಟ್ಟರು. ಬ್ರೌನ್ ಅವನ್ನು ಮೇಲಕ್ಕೆ ಸಾಗಿಸಿದನು. ನೌಕೆ ಒಮ್ಮೆಲೇ ಮುಳುಗಿತು. ಬ್ರೌನ್ ಉಳಿದನು, ಫ್ಯಾಸನ್ ಮತ್ತು ಗ್ರೇಜಿಯರ್ ಅದರೊಡನೆಯೇ ಹೋದರು.

ಆ ಗ್ರಂಥಗಳ ಬೆಲೆಯೇನು? 1942ರ ಫೆಬ್ರುವರಿ 1ರಂದು ಜರ್ಮನರು ಅಟ್ಲಾಂಟಿಕ್ ಜಲಾಂತರ್ಗಾಮಿಗಳ ಎನಿಗ್ಮ ಯಂತ್ರಕ್ಕೆ ನಾಲ್ಕನೆಯ ಚಕ್ರವನ್ನು ಸೇರಿಸಿದಂದಿನಿಂದ ಬ್ಲೆಚ್‌ಲಿ ಪಾರ್ಕಿನ ವಿದ್ವಾಂಸರಿಗೆ ಆ ಸಂದೇಶಗಳು ಅಭೇದ್ಯವಾಗಿದ್ದುವು. ವಶವಾದ ಹವಾಮಾನ ಸಂಕೇತಗಳ ಗ್ರಂಥದಿಂದ ಸಂದೇಶಗಳ ಮೂಲಪಾಠವನ್ನು ಊಹಿಸುವುದು ಸಾಧ್ಯವಾಯಿತು. ಹವಾಮಾನದ ಸಂಕ್ಷಿಪ್ತ ವರದಿಗಳನ್ನು ಕಳುಹಿಸುವಾಗ ನಾಲ್ಕನೆಯ ಚಕ್ರವು ತಟಸ್ಥವಾಗಿರುತ್ತಿದ್ದುದೂ ತಿಳಿದುಬಂದಿತು. ಡಿಸೆಂಬರ್ 13ರಂದು ಹತ್ತು ತಿಂಗಳ ಕತ್ತಲೆ ಹರಿಯಿತು. 1943ರ ಮಾರ್ಚಿಯಲ್ಲಿ ಜರ್ಮನರು ಆ ಗ್ರಂಥವನ್ನು ಬದಲಾಯಿಸಿದಾಗ ಮತ್ತೆ ಕೆಲದಿನ ಕತ್ತಲೆ ಕವಿದಿತಾದರೂ ವಿದ್ವಾಂಸರು ಬೇಗನೆ ಚೇತರಿಸಿಕೊಂಡರು.

ಮಡಿದಿಬ್ಬರಿಗೆ ಜಾರ್ಜ್ ಕ್ರಾಸ್, ಬ್ರೌನ್‌ಗೆ ಜಾರ್ಜ್ ಪದಕ ದೊರೆತುವು; ಆದರೆ ಅವರು ತಂದುದೇನೆಂಬುದನ್ನು ಲೋಕಕ್ಕೆ ಹೇಳುವಂತಿರಲಿಲ್ಲ. ಈ ರಹಸ್ಯವು 1970ರ ದಶಕದಲ್ಲಿ ಬಯಲಾಗುವವರೆಗೆ ಅಟ್ಲಾಂಟಿಕ್ ಕದನದ ಇತಿಹಾಸಗಳು ಜಯದ ಕಾರಣಗಳನ್ನು ರೇಡಾರ್, ವಿಮಾನ ಮತ್ತು ಬೆಂಗಾವಲು ನೌಕೆಗಳಲ್ಲಿಯೇ ಅರಸಿದುವು. ಆ ಕಾರಣಗಳು ಸುಳ್ಳಲ್ಲ, ಅಪೂರ್ಣ. ದಾಖಲೆಯ ಮೌನವನ್ನು ಘಟನೆಯ ಅಭಾವವೆಂದು ಭಾವಿಸಲಾಗದೆಂಬ ಪಾಠವನ್ನು ಇತಿಹಾಸದ ವಿದ್ಯಾರ್ಥಿಗಳಾದ ನಾವು ಯು-559ರಿಂದ ಕಲಿಯಬೇಕಾಗಿದೆ.