ಹೆಂಚಿನ ಮನೆ

ವರ್ತೂರಿನ ಈ ಮನೆಗೆ ನಾನು ಸೊಸೆಯಾಗಿ ಬಂದ ವರ್ಷ, ಮೊದಲ ಮಳೆಗೇ ಪಡಸಾಲೆಯಲ್ಲಿ ಏಳು ಪಾತ್ರೆ ಇಟ್ಟಿದ್ದೆ. ಅತ್ತೆ ನಕ್ಕುಬಿಟ್ಟರು. "ಮಂಗಳೂರು ಹೆಂಚು ಕಣಮ್ಮ, ಒಡೆದದ್ದು ತೆಗೆದು ಇನ್ನೊಂದು ಇಟ್ಟರಾಯಿತು."

ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂರುವ ಆ ಹೆಂಚು ನಮ್ಮ ಬಯಲುಸೀಮೆಗೂ ಬಂತು. ಪಕ್ಕದ ವೈಟ್‌ಫೀಲ್ಡ್ 1882ರಲ್ಲಿ ಹುಟ್ಟಿದ ಊರು; ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರಿಗೆಂದು ಕೊಟ್ಟ 3,900 ಎಕರೆ. ಅಲ್ಲಿನ ಹಳೆಯ ಬಂಗಲೆಗಳದೂ ಹೆಂಚಿನ ಸೂರೇ.

ಸೋರುವುದಕ್ಕೆ ಕಾರಣ ಬಹಳವಿಲ್ಲ. ಕೋತಿ ಹಾರಿ ಸೀಳಿದ ಹೆಂಚು, ಬಿರುಕು ಬಿಟ್ಟ ನೆತ್ತಿಯ ಗಾರೆ, ತರಗೆಲೆ ಕಟ್ಟಿಕೊಂಡ ದೋಣಿ. ಯುಗಾದಿ ಕಳೆದ ಮೇಲೆ ಹೆಂಚು ಕೈಯಾಡಿಸುವವರು ಬರುತ್ತಿದ್ದರು. ಅತ್ತೆ ಬಾಗಿಲು ಮುಚ್ಚಿ ಕತ್ತಲೆಯಲ್ಲಿ ನಿಂತು, ಬೆಳಕು ಇಣುಕಿದ ಕಡೆಯೆಲ್ಲ ಕೋಲಿನಿಂದ ತಟ್ಟಿ ತೋರಿಸುತ್ತಿದ್ದರು.

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿಗೆ 131.6 ಮಿ.ಮೀ. ಮಳೆ. ಸೂರಿನಿಂದ ಒಂದು ಹನಿಯೂ ಬೀಳಲಿಲ್ಲ. ನೀರು ಹೊಸ್ತಿಲು ದಾಟಿ ಒಳಗೆ ಬಂತು! ಬೆಳ್ಳಂದೂರು ಕೆರೆ ತುಂಬಿದರೆ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಇದು ಹಿರಿಯರ ಏರ್ಪಾಡು. ನಡುವಿನ ರಾಜಕಾಲುವೆಗಳನ್ನು ನುಂಗಿದವರನ್ನು ಬೈಯುತ್ತ ಕೆಸರು ಬಳಿಯುವಾಗ ಕಂಡಿತು: ನಮ್ಮ ಹಿತ್ತಲ ಗೋಡೆಯೂ ಮೋರಿಯ ಮೇಲೆ ಎರಡಡಿ ಮುಂದೆ ಬಂದಿತ್ತು. ನಾವೇ ಕಟ್ಟಿಸಿದ್ದು.

ದೀಪಾವಳಿಗೆ ಮೊದಲೇ ಕೆಡವಿಸಿದೆವು. ಹೆಂಚು ಕೈಯಾಡಿಸುವವರು ಮಾತ್ರ ಈಗ ಸಿಗುವುದಿಲ್ಲ. ಮಗ ಏಣಿ ಹತ್ತುತ್ತಾನೆ, ಕತ್ತಲೆಯಲ್ಲಿ ಕೋಲು ಹಿಡಿದು ನಾನು ನಿಲ್ಲುತ್ತೇನೆ.