ಸಿಸ್ಟರ್ ಎಂದು ಕರೆಯುವ ನಾವು

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಾಗಲಿ, ಭದ್ರಾವತಿಯ ಕಾರ್ಖಾನೆ ಆಸ್ಪತ್ರೆಯಲ್ಲಾಗಲಿ ದಾದಿಯರನ್ನು ನಾವು ‘ಸಿಸ್ಟರ್’ ಎಂದೇ ಕರೆಯುತ್ತ ಬಂದವರು. ಹೆಸರು ಕೇಳುವವರು ಕಡಿಮೆ. ಪ್ರವಾದಿಯವರ(ಸ) ಕಾಲದಲ್ಲಿ ಮದೀನದ ಮಸೀದಿಯಲ್ಲೇ ಡೇರೆ ಹಾಕಿ ಗಾಯಾಳುಗಳನ್ನು ಉಪಚರಿಸಿದ ರುಫೈದಾರ ಹೆಸರನ್ನಾದರೂ ಚರಿತ್ರೆ ಉಳಿಸಿಕೊಂಡಿದೆ.

ನಮ್ಮೂರಿಂದ ಸಾಗರ ದಾಟಿ ಘಟ್ಟ ಇಳಿದರೆ ಹೊನ್ನಾವರ. ಅಲ್ಲಿಗೆ ಹತ್ತಿರದ ಹಳದಿಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ನೌಕರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ರಕ್ತ ಹರಿಯದೆ ಆಕೆ ಮತ್ತೆ ಏಳಲಿಲ್ಲ. ಅವನಿಗೆ ಶಿಕ್ಷೆಯಾದದ್ದು ಕೊಲೆಯತ್ನ ಮತ್ತು ದರೋಡೆಗೆ. ಅತ್ಯಾಚಾರದ ಆರೋಪವನ್ನೇ ಹೊರಿಸಲಿಲ್ಲ. ಕಾನೂನಿನ ಕೈಲಾದದ್ದು ಇಷ್ಟು!

ಜೊತೆಯ ದಾದಿಯರು 41 ವರ್ಷಕ್ಕೂ ಮಿಕ್ಕಿ ಆಕೆಗೆ ತುತ್ತುಣಿಸಿದರು, ಮೈ ಒರೆಸಿದರು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸಿದರು. ಹಳಬರು ನಿವೃತ್ತರಾದರು, ಆಕೆಯನ್ನು ಎಂದೂ ಆರೋಗ್ಯವಾಗಿ ಕಂಡಿರದ ಹುಡುಗಿಯರು ಆ ಕೆಲಸ ಮುಂದುವರಿಸಿದರು. ಪತ್ರಕರ್ತೆ ಪಿಂಕಿ ವಿರಾನಿ ಆಕೆಗೆ ಸಾವನ್ನು ಕೋರಿದ್ದು ನಿರ್ದಯೆಯಿಂದಲ್ಲ ಎಂದೇ ನಮ್ಮ ಭಾವನೆ. ಆದರೆ 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು, ಆಕೆಯ ಪರ ಮಾತಾಡುವ ಹಕ್ಕು ಕೆಇಎಂ ಸಿಬ್ಬಂದಿಯದು ಎಂದಿತು. 2015ರ ಮೇ 18ರಂದು ಅರುಣಾ ನ್ಯುಮೋನಿಯಾದಿಂದ ತೀರಿಕೊಂಡರು.

ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಬಗ್ಗೆ 2018ರಲ್ಲಿ ಕೋರ್ಟು ರೂಪಿಸಿದ, 2023ರಲ್ಲಿ ಸಡಿಲಿಸಿದ ನಿಯಮಗಳನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಕರ್ನಾಟಕ ಸರಕಾರ ಆದೇಶ ಹೊರಡಿಸಿತು. ತೀರ್ಮಾನಿಸಲು ಎರಡು ಮಂಡಳಿಗಳಿವೆ. ಎರಡರಲ್ಲೂ ಕೂರುವವರು ವೈದ್ಯರು. ಮಗ್ಗುಲು ಬದಲಿಸುವವರಿಗೆ ಅಲ್ಲಿ ಕುರ್ಚಿಯಿಲ್ಲ.